ಚಳಿಗಾಲದ ರಜೆಗೆ ಮುನ್ನ ಕ್ಯಾಂಪಸ್ ಸೇವೆಗಳು, ಸಿಬ್ಬಂದಿ ಬದಲಾವಣೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಬಂತೆಂದರೆ ವಿಶ್ವವಿದ್ಯಾಲಯಕ್ಕೆ ಬೀಗ ಬಿತ್ತು ಎಂದೇ ಹಲವರ ಎಣಿಕೆ. ಬೀಗ ಬೀಳುವುದು ಕಚೇರಿಗಳಿಗೆ ಮಾತ್ರ. ಪ್ರಯೋಗಾಲಯದ ಫ್ರೀಜರ್ ಓಡುತ್ತಲೇ ಇರುತ್ತದೆ, ಪೈಪುಗಳಲ್ಲಿ ನೀರು ನಿಂತಿರುತ್ತದೆ, ಊರಿಗೆ ಹೋಗದ ವಿದ್ಯಾರ್ಥಿಗಳು ಹಾಸ್ಟೆಲಿನಲ್ಲಿ ಉಳಿದಿರುತ್ತಾರೆ. ಕಡಿಮೆಯಾಗುವುದು ನೋಡುವ ಕಣ್ಣುಗಳು. ಮಾಮೂಲಿ ದಿನ ಹತ್ತು ನಿಮಿಷದಲ್ಲಿ ಯಾರಾದರೂ ಗಮನಿಸುವ ಸೋರಿಕೆ ರಜೆಯಲ್ಲಿ ಹತ್ತು ದಿನ ಸೋರುತ್ತದೆ. ಹಾಗಾಗಿ ಹೊರಡುವ ಮುನ್ನ ಪ್ರತಿಯೊಂದು ಕೆಲಸಕ್ಕೂ ಕೇಳಿಕೊಳ್ಳಬೇಕಾದದ್ದು ಇಷ್ಟು: ನಾನಿಲ್ಲದಾಗ ಇದನ್ನು ಯಾರು ನೋಡುತ್ತಾರೆ, ಅದು ಅವರಿಗೆ ಗೊತ್ತಿದೆಯೇ? ದಿನಾಂಕಗಳ ಮಟ್ಟಿಗೆ ನಿಮ್ಮ ವಿಶ್ವವಿದ್ಯಾಲಯದ ಸುತ್ತೋಲೆಯೇ ಅಂತಿಮ.

ಕಚೇರಿ ಮುಚ್ಚುವ ದಿನವೇ ಕೆಲಸ ಮಾಡಿಸಿಕೊಳ್ಳಲು ಕೊನೆಯ ದಿನವೇ?

ಅಲ್ಲ. ಹೆಚ್ಚಿನ ಗೊಂದಲ ಹುಟ್ಟುವುದೇ ಇಲ್ಲಿ. ಕಚೇರಿ ಶುಕ್ರವಾರ ಮುಚ್ಚುತ್ತದೆ ಎಂದರೆ ಶುಕ್ರವಾರ ಕೊಟ್ಟ ಅರ್ಜಿ ಅಂದೇ ವಿಲೇವಾರಿಯಾಗುತ್ತದೆ ಎಂದಲ್ಲ. ಅದು ರಜೆ ಮುಗಿದ ಮೇಲೆ ತೆರೆಯುವ ಕಡತದ ರಾಶಿಗೆ ಸೇರುತ್ತದೆ. ಪ್ರತಿ ಕೆಲಸಕ್ಕೂ ಮಾಮೂಲಿಯಾಗಿ ಎಷ್ಟು ಕೆಲಸದ ದಿನ ಹಿಡಿಯುತ್ತದೆ ಎಂದು ಕೇಳಿ, ಮುಚ್ಚುವ ದಿನದಿಂದ ಅಷ್ಟು ಹಿಂದಕ್ಕೆ ಎಣಿಸಿ, ಮೇಲೆ ಎರಡು ದಿನ ಕಳೆಯಿರಿ. ಸಹಿ ಹಾಕುವವರು ಉಳಿದವರಿಗಿಂತ ಮೊದಲೇ ರಜೆಗೆ ಹೊರಟಿರುವುದುಂಟು, ಆ ಎರಡು ದಿನ ಅದಕ್ಕಾಗಿ.

ಅಂಕಪಟ್ಟಿ, ಪ್ರಮಾಣಪತ್ರ ಬೇಕಿದ್ದರೆ?

ಜನವರಿ ಮೊದಲ ವಾರಗಳಲ್ಲಿ ಬೇರೆಡೆಗೆ ಅರ್ಜಿ ಹಾಕುವವರು ಈಗಲೇ ಪಡೆದಿಟ್ಟುಕೊಳ್ಳಿ. ಈ ಸೆಮಿಸ್ಟರಿನ ಅಂಕವೂ ಸೇರಿರಬೇಕು ಎಂದಾದರೆ ಫಲಿತಾಂಶ ದಾಖಲಾಗುವವರೆಗೆ ಅರ್ಜಿ ತಡೆಹಿಡಿಯಬೇಕೆಂದು ಅದರಲ್ಲೇ ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಹಿಂದಿನ ಸೆಮಿಸ್ಟರಿನವರೆಗಿನ ಪ್ರತಿಯೇ ಕೈಗೆ ಬರುತ್ತದೆ.

ಗ್ರಂಥಾಲಯದ ಪುಸ್ತಕಗಳ ಗಡುವು ತಾನಾಗಿಯೇ ಮುಂದಕ್ಕೆ ಹೋಗುತ್ತದೆಯೇ?

ಕೆಲವು ಕಡೆ ಹೋಗುತ್ತದೆ, ಕೆಲವು ಕಡೆ ಇಲ್ಲ. ಊಹೆ ಬೇಡ, ಖಾತೆ ತೆರೆದು ಒಂದೊಂದು ಪುಸ್ತಕದ ಮುಂದಿರುವ ದಿನಾಂಕ ನೋಡಿ. ಬೇರೊಬ್ಬರು ಕಾಯ್ದಿರಿಸಿದ ಪುಸ್ತಕವನ್ನು ಸಾಮಾನ್ಯವಾಗಿ ನವೀಕರಿಸಲಾಗದು. ಬೇರೆ ಗ್ರಂಥಾಲಯದಿಂದ ತರಿಸಿಕೊಟ್ಟ ಪುಸ್ತಕಕ್ಕೆ ಕೊಟ್ಟವರ ಗಡುವೇ ಅನ್ವಯ, ನಿಮ್ಮ ಕ್ಯಾಂಪಸ್ಸಿನ ರಜೆ ಅವರಿಗೆ ಲೆಕ್ಕಕ್ಕಿಲ್ಲ. ಅಂಥ ಪುಸ್ತಕವನ್ನು ಹೊರಗಿನ ಡಬ್ಬಿಗೆ ಹಾಕದೆ ಕೌಂಟರಿನಲ್ಲೇ ಕೊಡಿ. ಡಬ್ಬಿಯಲ್ಲಿ ಬಿದ್ದದ್ದು ಗ್ರಂಥಾಲಯ ತೆರೆದ ಮೇಲಷ್ಟೇ ಹಿಂದಿರುಗಿದ ಲೆಕ್ಕಕ್ಕೆ ಬರುತ್ತದೆ, ಮೇಲೆ ಮೇಲೆ ಬಿದ್ದು ರಟ್ಟು ಕಿತ್ತುಹೋಗುವುದೂ ಉಂಟು.

ಊರಿನಿಂದ ಇ-ಜರ್ನಲ್ ಓದಬಹುದೇ?

ಓದಬಹುದು. ಕ್ಯಾಂಪಸ್ ಬಿಡುವ ಮುನ್ನ ಮೊಬೈಲ್ ಡೇಟಾ ಬಳಸಿ ಒಮ್ಮೆ ಲಾಗಿನ್ ಆಗಿ ನೋಡಿ. ಕ್ಯಾಂಪಸ್ ವೈಫೈನಲ್ಲಿ ಪಾಸ್‌ವರ್ಡ್ ಕೇಳದೆಯೇ ಎಲ್ಲವೂ ತೆರೆದುಕೊಳ್ಳುವುದರಿಂದ, ಹೊರಗಿನ ಸಂಪರ್ಕ ಸರಿಯಿಲ್ಲ ಎನ್ನುವುದು ಊರು ಸೇರಿದ ಮೇಲೆಯೇ ತಿಳಿಯುತ್ತದೆ.

ಇನ್ನೊಂದು ಮುಖ್ಯ ಮಾತು: ರಜೆಯಲ್ಲಿ ಓದೋಣವೆಂದು ಒಂದೇ ರಾತ್ರಿ ನೂರಾರು ಪ್ರಬಂಧಗಳನ್ನು, ಅದೂ ತಾನಾಗಿ ಇಳಿಸುವ ಸಾಫ್ಟ್‌ವೇರ್ ಬಳಸಿ, ಇಳಿಸಿಕೊಳ್ಳಬೇಡಿ. ಪ್ರಕಾಶಕರ ವ್ಯವಸ್ಥೆ ಅದನ್ನು ದುರ್ಬಳಕೆ ಎಂದು ಗುರುತಿಸಿ ಇಡೀ ವಿಶ್ವವಿದ್ಯಾಲಯದ ಸಂಪರ್ಕವನ್ನೇ ತಡೆಯಬಹುದು. ಮಾಮೂಲಿ ದಿನವಾದರೆ ಗ್ರಂಥಾಲಯದವರು ಪತ್ರ ಬರೆದು ಒಂದೆರಡು ದಿನದಲ್ಲಿ ಬಿಡಿಸುತ್ತಾರೆ. ರಜೆಯಲ್ಲಿ ಪ್ರಬಂಧದ ಗಡುವಿಗೆ ಓಡುತ್ತಿರುವ ಎಷ್ಟೋ ಜನ ನಿಮ್ಮೊಬ್ಬರ ಕಾರಣಕ್ಕೆ ಕೈಕಟ್ಟಿ ಕೂರಬೇಕಾಗುತ್ತದೆ.

ರಜೆಯಲ್ಲಿ ಹೊಸ ಫೋನ್ ತೆಗೆದುಕೊಂಡೆ, ಈಗ ಲಾಗಿನ್ ಆಗುತ್ತಿಲ್ಲ. ಏನಾಯಿತು?

ಸಹಾಯ ಕೇಂದ್ರಕ್ಕೆ ಬರುವ ದೂರುಗಳಲ್ಲಿ ಇದು ತೀರ ಪರಿಚಿತ, ಹೊರಡುವ ಮುನ್ನ ತಪ್ಪಿಸಿಕೊಳ್ಳುವುದೂ ಸುಲಭ. ಪಾಸ್‌ವರ್ಡ್ ಜೊತೆಗೆ ಆರಂಕಿಯ ಕೋಡ್ ಕೊಡುವ ಆ್ಯಪ್ ಇದೆಯಲ್ಲ, ಅದರ ಬ್ಯಾಕಪ್ ಇಟ್ಟಿರದಿದ್ದರೆ ಗುಟ್ಟಿನ ಕೀಲಿ ಹಳೆಯ ಫೋನಿನಲ್ಲೇ ಉಳಿದಿರುತ್ತದೆ. ಆಗ ಹೊಸ ಫೋನಿನಲ್ಲಿ ಅದೇ ಆ್ಯಪ್ ಹಾಕಿದ ಮಾತ್ರಕ್ಕೆ ಕೀಲಿ ಬರುವುದಿಲ್ಲ. ಹಳೆಯ ಫೋನನ್ನು ಅಳಿಸಿ ಮಾರಿಬಿಟ್ಟಿದ್ದರೆ ಸಹಾಯ ಕೇಂದ್ರದವರೇ ನಿಮ್ಮ ಗುರುತು ಪರಿಶೀಲಿಸಿ ಹೊಸದಾಗಿ ಜೋಡಿಸಬೇಕು, ಆ ಕೇಂದ್ರ ರಜೆಯಲ್ಲಿ ಮುಚ್ಚಿರಬಹುದು.

ಹೊರಡುವ ಮುನ್ನ ಹೀಗೆ ಮಾಡಿ. ಮೊದಲು, ಖಾತೆಯ ಭದ್ರತಾ ಪುಟದಲ್ಲಿ ಎರಡನೆಯ ದಾರಿಯೊಂದನ್ನು ಸೇರಿಸಿ: ಇನ್ನೊಂದು ಸಾಧನ, ಇಲ್ಲವೇ ಭದ್ರತಾ ಕೀಲಿ (ಲಾಗಿನ್‌ಗೆಂದೇ ಇರುವ ಪುಟ್ಟ ಸಾಧನ). ಆಮೇಲೆ ಫೋನ್ ಇಲ್ಲದಾಗ ಬಳಸುವ ಬ್ಯಾಕಪ್ ಕೋಡ್ ತೆಗೆದು ಕಾಗದದ ಮೇಲೆ ಮುದ್ರಿಸಿ ಪಾಸ್‌ಪೋರ್ಟ್ ಇಡುವ ಕಡೆ ಇಡಿ. ಗೂಗಲ್ ಖಾತೆಯಲ್ಲಾದರೆ ಒಮ್ಮೆಗೆ 10 ಕೋಡ್ ಸಿಗುತ್ತವೆ, ಒಂದೊಂದೂ ಒಂದೇ ಸಲಕ್ಕೆ. ಆ ಕೋಡ್‌ಗಳ ಫೋಟೋ ತೆಗೆದು ಅದೇ ಫೋನಿನಲ್ಲಿಟ್ಟರೆ ಫೋನ್ ಹೋದಾಗ ಕೋಡ್ ಕೂಡ ಹೋಗುತ್ತದೆ. ಹೊಸ ಫೋನ್ ಬಂದಾಗ ಹಳೆಯದನ್ನು ಕೈಯಲ್ಲೇ ಇಟ್ಟುಕೊಂಡು, ಹೊಸದರಲ್ಲಿ ಲಾಗಿನ್ ಆಗಿ ನೋಡಿ, ಆಮೇಲಷ್ಟೇ ಹಳೆಯದನ್ನು ಅಳಿಸಿ.

ವಿದೇಶಕ್ಕೆ ಹೋಗುವವರು ಎಸ್ಸೆಮ್ಮೆಸ್ಸನ್ನು ನಂಬಿ ಹೊರಡಬೇಡಿ. ಸಿಮ್ ಬದಲಿಸಿದ ಕ್ಷಣ ಕೋಡ್ ಬರುವುದು ನಿಲ್ಲುತ್ತದೆ. ಆ್ಯಪ್ ಕೊಡುವ ಕೋಡಿಗೆ ನೆಟ್‌ವರ್ಕ್ ಬೇಡ, ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಅದು ಫೋನಿನ ಗಡಿಯಾರದ ಲೆಕ್ಕದಲ್ಲೇ ಬದಲಾಗುತ್ತದೆ. ಕೋಡ್ ಸರಿಯಾಗಿ ಹಾಕಿದರೂ ತಪ್ಪು ಎನ್ನುತ್ತಿದ್ದರೆ ಫೋನಿನ ಸಮಯವನ್ನು ‘ತಾನಾಗಿ ಹೊಂದಿಸು’ ಎಂಬುದಕ್ಕೆ ಇಟ್ಟು ಮತ್ತೊಮ್ಮೆ ಪ್ರಯತ್ನಿಸಿ. ಪಾಸ್‌ವರ್ಡ್ ಅವಧಿ ರಜೆಯ ನಡುವೆ ಮುಗಿಯುವಂತಿದ್ದರೆ ಈಗಲೇ ಬದಲಿಸಿ, ಎಲ್ಲ ಸಾಧನಗಳಲ್ಲೂ ಹೊಸದನ್ನು ಹಾಕಿ. ಮರೆತ ಟ್ಯಾಬ್ ಒಂದು ಹಳೆಯ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕಳಿಸುತ್ತಾ ಖಾತೆಗೆ ಬೀಗ ಬೀಳಿಸಬಲ್ಲದು.

ಇಮೇಲಿನ ಸ್ವಯಂ ಉತ್ತರದಲ್ಲಿ ಏನು ಬರೆಯಬೇಕು?

ಯಾವಾಗ ಮರಳುತ್ತೀರಿ, ತುರ್ತಿದ್ದರೆ ಯಾರನ್ನು ಕೇಳಬೇಕು, ಇವೆರಡೇ ಸಾಕು. ಬದಲಿಯಾಗಿ ಹೆಸರಿಸಿದವರು ತಾವೂ ರಜೆಯಲ್ಲಿದ್ದಾರೆಯೇ ಎಂದು ಮೊದಲು ಕೇಳಿ. ಒಬ್ಬರ ಉತ್ತರ ಇನ್ನೊಬ್ಬರತ್ತ, ಇನ್ನೊಬ್ಬರದು ಮತ್ತೆ ಮೊದಲಿನವರತ್ತ ಕೈ ತೋರಿಸುವುದು ಪ್ರತಿ ವರ್ಷದ ಪಾಡು. ವ್ಯಕ್ತಿಗಿಂತ ವಿಭಾಗದ ಹಂಚಿಕೆಯ ಅಂಚೆಪೆಟ್ಟಿಗೆ ಮೇಲು, ಅದನ್ನು ತೆರೆದು ನೋಡುವವರ ಪಾಳಿ ನಿಗದಿಯಾಗಿದ್ದರೆ. ಎಲ್ಲಿಗೆ ಹೋಗುತ್ತಿದ್ದೀರಿ, ಮನೆ ಖಾಲಿ ಇದೆಯೇ ಎಂಬುದೆಲ್ಲ ಹೊರಗಿನವರಿಗೆ ಬೇಡ. ಔಟ್‌ಲುಕ್‌ನಲ್ಲಿ ಒಳಗಿನವರಿಗೊಂದು, ಹೊರಗಿನವರಿಗೊಂದು ಉತ್ತರ ಬರೆಯುವ ಅನುಕೂಲವಿದೆ. ಜಿಮೇಲ್‌ನಲ್ಲಿ ಒಬ್ಬರಿಗೆ ಒಮ್ಮೆ ಉತ್ತರ ಹೋದ ಮೇಲೆ, ಅವರೇ 4 ದಿನ ಕಳೆದು ಮತ್ತೆ ಬರೆದರಷ್ಟೇ ಇನ್ನೊಮ್ಮೆ ಹೋಗುತ್ತದೆ. ಕೊನೆಯ ದಿನಾಂಕ ತುಂಬುವುದನ್ನು ಮರೆಯಬೇಡಿ. ಬಿಟ್ಟರೆ ಫೆಬ್ರವರಿಯಲ್ಲೂ ನೀವು ರಜೆಯಲ್ಲೇ ಇರುತ್ತೀರಿ.

ವಿಭಾಗದ ಮುಖ್ಯಸ್ಥರ ಹೆಸರಿನಲ್ಲಿ ‘ಗಿಫ್ಟ್ ಕಾರ್ಡ್ ಬೇಕು, ತುರ್ತು’ ಎಂಬ ಮೇಲ್ ಬಂದಿದೆ. ನಿಜವೇ?

ಅಲ್ಲ. ‘ಮೀಟಿಂಗಿನಲ್ಲಿದ್ದೇನೆ, ಫೋನ್ ಮಾಡಬೇಡಿ’ ಎಂಬ ಸಾಲು ಇದ್ದರಂತೂ ಅನುಮಾನವೇ ಬೇಡ. ಕಳಿಸಿದವರ ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಿ. ಹೆಸರು ಅವರದು, ವಿಳಾಸ ಯಾರದೋ ಆಗಿರುತ್ತದೆ. ಉತ್ತರಿಸದೆ ಐಟಿ ವಿಭಾಗಕ್ಕೆ ತಿಳಿಸಿ. ಇದಕ್ಕಿಂತ ಹೆಚ್ಚು ನಷ್ಟ ಮಾಡುವ ಇನ್ನೊಂದು ಬಗೆ ಸಂಬಳ ವಿಭಾಗಕ್ಕೆ ಬರುತ್ತದೆ: ‘ನನ್ನ ಬ್ಯಾಂಕ್ ಖಾತೆ ಬದಲಾಗಿದೆ, ಈ ತಿಂಗಳಿನಿಂದ ಹೊಸದಕ್ಕೆ ಹಾಕಿ.’ ಇಂಥ ಕೋರಿಕೆ ಬಂದಾಗ ದಾಖಲೆಯಲ್ಲಿ ಮೊದಲೇ ಇರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ನೌಕರರ ಬಾಯಿಂದಲೇ ಕೇಳಿ. ಮೇಲ್‌ನಲ್ಲಿ ಕೊಟ್ಟಿರುವ ಸಂಖ್ಯೆಗೆ ಕರೆ ಮಾಡಿದರೆ ಎತ್ತುವವನು ಆ ವಂಚಕನೇ.

ಡಿಸೆಂಬರ್ ಸಂಬಳದ ಹಾಜರಿ, ಬಿಲ್ಲುಗಳಿಗೆ ಬೇರೆ ಗಡುವು ಯಾಕೆ?

ಬ್ಯಾಂಕುಗಳಿಗೂ ರಜೆ ಇರುತ್ತದೆ, ಸಂಬಳದ ಕಡತ ಅದಕ್ಕೂ ಮೊದಲೇ ತಲುಪಬೇಕು. ಹಾಗಾಗಿ ಮುಂದೆ ಮಾಡಲಿರುವ ಗಂಟೆಗಳನ್ನು ಅಂದಾಜಿನಲ್ಲಿ ಬರೆಯಬೇಕಾಗಿ ಬರುತ್ತದೆ. ಬರೆದ ಅಂದಾಜಿನ ಪ್ರತಿಯೊಂದು ನಿಮ್ಮಲ್ಲಿರಲಿ, ವ್ಯತ್ಯಾಸವಿದ್ದರೆ ಜನವರಿಯ ಹಾಜರಿಯಲ್ಲಿ ಸರಿಪಡಿಸಿ. ಗಂಟೆ ಲೆಕ್ಕದಲ್ಲಿ ದುಡಿಯುವ ವಿದ್ಯಾರ್ಥಿಗಳು ಹಾಜರಿ ಕಳಿಸಿ ಸುಮ್ಮನಾಗುತ್ತಾರೆ. ಮೇಲ್ವಿಚಾರಕರು ಅನುಮೋದಿಸದಿದ್ದರೆ ಹಣ ಬರುವುದಿಲ್ಲ. ಕಳಿಸಿದ ಮರುದಿನ ‘ಅನುಮೋದಿತ’ ಎಂದು ಬಂದಿದೆಯೇ ನೋಡಿ.

ಸಹಿ ಮಾಡುವವರು ರಜೆ ಹೋದರೆ ಕಡತ ಯಾರ ಬಳಿ ಹೋಗುತ್ತದೆ?

ಯಾರನ್ನೂ ನೇಮಿಸದಿದ್ದರೆ ಎಲ್ಲಿಗೂ ಹೋಗದು, ಅವರ ಹೆಸರಿನಲ್ಲೇ ಕೂತಿರುತ್ತದೆ. ಪ್ರಭಾರವನ್ನು ಆನ್‌ಲೈನ್ ವ್ಯವಸ್ಥೆಯಲ್ಲೂ ವಹಿಸಬೇಕು, ಆದೇಶದ ಪತ್ರ ಹೊರಡಿಸಿದರಷ್ಟೇ ಸಾಲದು: ಆರಂಭದ ದಿನ, ಮುಗಿಯುವ ದಿನ, ಎಷ್ಟು ಮೊತ್ತದವರೆಗೆ ಅಧಿಕಾರ. ಪ್ರಭಾರಿಯ ಹೆಸರಿಗೆ ಒಂದು ಸಣ್ಣ ಕಡತ ಕಳಿಸಿ ಅದು ಅವರ ಪರದೆಯಲ್ಲಿ ಕಾಣಿಸುತ್ತಿದೆಯೇ ಎಂದು ರಜೆಗೆ ಮುನ್ನವೇ ಖಚಿತಪಡಿಸಿಕೊಳ್ಳಿ. ಸಾಮಾನ್ಯವಾಗಿ ಎಡವುವುದು ಎರಡನೆಯ ಹಂತದಲ್ಲಿ. ವಿಭಾಗದ ಪ್ರಭಾರಿ ಸಹಿ ಹಾಕಿರುತ್ತಾರೆ, ಹಣಕಾಸಿನ ಹಂತದವರೂ ಅದೇ ವಾರ ರಜೆಯಲ್ಲಿರುತ್ತಾರೆ.

ವರ್ಷಾಂತ್ಯಕ್ಕೆ ನಿವೃತ್ತಿ ಅಥವಾ ವರ್ಗಾವಣೆ ಆಗುವವರಿಂದ ಏನೇನು ವಹಿಸಿಕೊಳ್ಳಬೇಕು?

ಬೀಗದ ಕೈ, ಗುರುತಿನ ಚೀಟಿ, ಲ್ಯಾಪ್‌ಟಾಪ್, ಬೇಬಾಕಿ ಪತ್ರ ಇವೆಲ್ಲ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಕೈತಪ್ಪುವುದು ಕಣ್ಣಿಗೆ ಕಾಣದ ವಸ್ತುಗಳು. ಅವರ ವೈಯಕ್ತಿಕ ಡ್ರೈವ್‌ನಲ್ಲಿರುವ ಕಡತಗಳನ್ನು ವಿಭಾಗದ ಹಂಚಿಕೆಯ ಡ್ರೈವ್‌ಗೆ ಅವರಿರುವಾಗಲೇ ಸಾಗಿಸಬೇಕು. ‘ನನಗೆ ಹಂಚಿದ್ದಾರೆ, ತೆರೆಯುತ್ತಿದೆ’ ಎಂದು ನೆಚ್ಚಿಕೊಳ್ಳಬೇಡಿ: ಮಾಲೀಕರ ಖಾತೆ ಅಳಿಸಿದ ದಿನ ಆ ಕಡತವೂ ಹೋಗಬಹುದು.

ಇವರ ಹೆಸರಿಗೆ ಏನೇನು ಅಂಟಿಕೊಂಡಿದೆ ಎಂದು ಪಕ್ಕದಲ್ಲಿ ಕೂತು ಕೇಳಿ ಬರೆದುಕೊಳ್ಳಿ. ಸಾಫ್ಟ್‌ವೇರ್ ಪರವಾನಗಿಯ ನವೀಕರಣ ಸೂಚನೆ ಯಾರ ಮೇಲ್‌ಗೆ ಬರುತ್ತದೆ? ವಿಭಾಗದ ಜಾಲತಾಣದ ಡೊಮೇನ್ ಯಾರ ಹೆಸರಿನಲ್ಲಿದೆ? ಸಾಮಾಜಿಕ ಜಾಲತಾಣದ ಪುಟಕ್ಕೆ ನಿರ್ವಾಹಕರು ಅವರೊಬ್ಬರೇಯೇ? ಉಪಕರಣ ದುರಸ್ತಿಯ ಒಪ್ಪಂದದಲ್ಲಿ ಯಾರ ಸಂಖ್ಯೆ ಇದೆ? ಫ್ರೀಜರ್ ಅಲಾರಂ ಮೊದಲು ಯಾರ ಫೋನಿಗೆ ಬಡಿಯುತ್ತದೆ? ಈ ಒಂದು ಗಂಟೆಯ ಮಾತುಕತೆಗೆ ಬದಲಿ ಇಲ್ಲ. ಮೂವತ್ತು ವರ್ಷ ಒಂದೇ ಮೇಜಿನಲ್ಲಿ ಕೂತವರ ತಲೆಯಲ್ಲಿರುವುದು ಯಾವ ನಮೂನೆಯಲ್ಲೂ ಇರುವುದಿಲ್ಲ, ಅದನ್ನು ಕೇಳಿ ತಿಳಿದುಕೊಳ್ಳುವುದು ಅವರಿಗೆ ಸಲ್ಲುವ ಗೌರವವೂ ಹೌದು.

ಡಿಸೆಂಬರ್ 31ಕ್ಕೆ ನಿವೃತ್ತಿ ಎಂದು ಆದೇಶವಿದ್ದರೂ ಅವರು ಮೇಜಿನಲ್ಲಿ ಸಿಗುವ ಕೊನೆಯ ದಿನ ರಜೆಗೆ ಮುಂಚಿನದು. ಆ ದಿನಕ್ಕೆ ಲೆಕ್ಕ ಹಾಕಿ.

ಸಿಬ್ಬಂದಿ ಬದಲಾವಣೆಯ ಪ್ರಕಟಣೆ ಹೇಗಿರಬೇಕು?

ಯಾರು, ಯಾವ ಹುದ್ದೆಗೆ, ಯಾವ ದಿನದಿಂದ. ಅವರ ಹಳೆಯ ಕೆಲಸ ಇನ್ನು ಮುಂದೆ ಯಾರದು. ಓದುವವರಿಗೆ ಬೇಕಾದದ್ದು ಕೊನೆಯ ಮಾಹಿತಿ, ಹೆಚ್ಚಾಗಿ ಬಿಟ್ಟುಹೋಗುವುದೂ ಅದೇ. ಆರೋಗ್ಯ, ಕುಟುಂಬದ ಕಾರಣಗಳನ್ನು ಬರೆಯಬೇಡಿ. ಜಾಲತಾಣದ ಸಿಬ್ಬಂದಿ ಪಟ್ಟಿ, ಬಾಗಿಲಿನ ಫಲಕ, ಅರ್ಜಿ ನಮೂನೆಗಳ ಕೆಳಗೆ ಅಚ್ಚಾದ ಹೆಸರು, ಮೇಲ್ ಗುಂಪುಗಳು, ಈ ನಾಲ್ಕನ್ನೂ ಅಂದೇ ತಿದ್ದಿ.

ಜನವರಿಯಲ್ಲಿ ಕೆಲಸಕ್ಕೆ ಸೇರುವವರಿಗೆ ಮೊದಲ ದಿನವೇ ಖಾತೆ ಸಿಗುತ್ತದೆಯೇ?

ನೇಮಕಾತಿ ದಾಖಲೆ ಡಿಸೆಂಬರಿನಲ್ಲೇ ವ್ಯವಸ್ಥೆಗೆ ಸೇರಿದ್ದರೆ ಸಿಗುತ್ತದೆ. ಖಾತೆ, ಬಾಗಿಲಿನ ಕಾರ್ಡ್, ಗ್ರಂಥಾಲಯದ ಸದಸ್ಯತ್ವ ಎಲ್ಲವೂ ಆ ಒಂದು ದಾಖಲೆಯ ಬೆನ್ನಿಗೇ ಬರುವಂಥವು.

ಪ್ರಯೋಗಾಲಯದ ಮೈನಸ್ 80 ಡಿಗ್ರಿ ಫ್ರೀಜರ್ ಹೇಗೆ ಬಿಟ್ಟು ಹೋಗಬೇಕು?

ಬಾಗಿಲಿನ ಸುತ್ತ ರಬ್ಬರ್ ಅಂಚಿನ ಮೇಲೆ ಕಟ್ಟಿದ ಹಿಮವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ, ಲೋಹದ್ದು ರಬ್ಬರನ್ನು ಸೀಳುತ್ತದೆ. ಕಾಗದದ ಚೂರೊಂದನ್ನು ಬಾಗಿಲ ಸಂದಿಗಿಟ್ಟು ಮುಚ್ಚಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಹೀಗೆ ನಾಲ್ಕೂ ಬದಿ ನೋಡಿ. ಕೆಳಗೆ ಅಥವಾ ಮುಂಭಾಗದಲ್ಲಿರುವ ಗಾಳಿ ಶೋಧಕದ ಧೂಳು ತೆಗೆಯಿರಿ. ಅದು ಕಟ್ಟಿಕೊಂಡರೆ ಕಂಪ್ರೆಸರ್ ಬಿಸಿಯಾಗಿ ಸೋಲುತ್ತದೆ. ಇವೆಲ್ಲ ಹೊರಡುವ ದಿನದ ಕೆಲಸವಲ್ಲ. ಒಂದು ವಾರ ಮೊದಲು ಮಾಡಿದರೆ ತಾಪಮಾನ ಮತ್ತೆ ನೆಲೆಗೊಂಡದ್ದನ್ನು ಕಣ್ಣಾರೆ ನೋಡಿ ಹೋಗಬಹುದು.

ಇನ್ನು ಅಲಾರಂ. ಅದು ಬಡಿಯುತ್ತದೆಯೇ ಎನ್ನುವುದಕ್ಕಿಂತ ಯಾರಿಗೆ ಬಡಿಯುತ್ತದೆ ಎನ್ನುವುದು ಮುಖ್ಯ. ಪಟ್ಟಿಯ ಮೊದಲ ಸಂಖ್ಯೆ ಹೋದ ವರ್ಷವೇ ಪದವಿ ಮುಗಿಸಿ ಹೋದ ವಿದ್ಯಾರ್ಥಿಯದ್ದಾಗಿರಬಹುದು. ಪರೀಕ್ಷಾ ಗುಂಡಿ ಒತ್ತಿ, ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಫೋನೂ ರಿಂಗಾಗುವವರೆಗೆ ಕಾಯಿರಿ. ರಾತ್ರಿ ಫೋನನ್ನು ಮೌನದಲ್ಲಿಡುವವರು ಅಲಾರಂ ಕರೆ ಬರುವ ಸಂಖ್ಯೆಯನ್ನು ಹೊರತುಪಡಿಸಿ ಇಡಬೇಕು.

ಬಾಗಿಲಿಗೆ ಒಂದು ಹಾಳೆ ಅಂಟಿಸಿ: ಒಳಗೇನಿದೆ, ಕೆಟ್ಟರೆ ಮೊದಲು ಯಾವ ಕಪಾಟಿನದ್ದನ್ನು ಸಾಗಿಸಬೇಕು, ಯಾವ ಫ್ರೀಜರಿನಲ್ಲಿ ಜಾಗ ಕಾಯ್ದಿರಿಸಿದೆ, ಆ ಕೋಣೆಯ ಬೀಗ ಯಾರಲ್ಲಿದೆ. ಕೆಟ್ಟ ಫ್ರೀಜರಿನ ಬಾಗಿಲನ್ನು ಸುಮ್ಮನೆ ತೆರೆದು ನೋಡಬಾರದು. ತುಂಬಿದ ಫ್ರೀಜರ್ ಮುಚ್ಚಿಯೇ ಇದ್ದರೆ ಹೆಚ್ಚು ಹೊತ್ತು ತಂಪು ಹಿಡಿದಿಟ್ಟುಕೊಳ್ಳುತ್ತದೆ, ಖಾಲಿ ಇದ್ದದ್ದು ಬೇಗ ಬಿಸಿಯಾಗುತ್ತದೆ.

ರಜೆಯ ಹೊತ್ತಿಗೆ ರಾಸಾಯನಿಕ, ಮಾದರಿಗಳ ಪಾರ್ಸೆಲ್ ಬಂದರೆ?

ಬರದಂತೆ ನೋಡಿಕೊಳ್ಳಿ. ಮಾದರಿಗಳನ್ನು ತಂಪಾಗಿಡಲು ಪೆಟ್ಟಿಗೆಗೆ ತುಂಬುವ ಒಣ ಮಂಜುಗಡ್ಡೆ (ಘನ ಇಂಗಾಲದ ಡೈಆಕ್ಸೈಡ್) ಮೈನಸ್ 78.5 ಡಿಗ್ರಿಯಲ್ಲಿ ನೇರ ಅನಿಲವಾಗುತ್ತದೆ. ಸಾಮಾನ್ಯ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ದಿನಕ್ಕೆ 2ರಿಂದ 5 ಕೆಜಿಯಷ್ಟು ಮಾಯವಾಗುವುದು ಮಾಮೂಲು. ಭದ್ರತಾ ಕೋಣೆಯಲ್ಲಿ ಮೂರು ದಿನ ಕೂತ ಪೆಟ್ಟಿಗೆಯೊಳಗೆ ಉಳಿಯುವುದು ಬಿಸಿಯಾದ ಮಾದರಿ ಮಾತ್ರ. ಮುಚ್ಚುವ ಮೊದಲಿನ ವಾರವೇ ಇಂಥ ಖರೀದಿ ನಿಲ್ಲಿಸಿ, ಬಾಕಿ ಇರುವುದನ್ನು ಜನವರಿಗೆ ಮುಂದೂಡುವಂತೆ ಮಾರಾಟಗಾರರಿಗೆ ಬರೆಯಿರಿ.

ದ್ರವ ಸಾರಜನಕದ ಪಾತ್ರೆಗಳನ್ನು ತುಂಬಿಸುವ ದಿನಗಳಿಗೆ ಹೆಸರು ಹಚ್ಚಿ ಪಾಳಿ ಹಾಕಿ, ಇಬ್ಬರಿಗಿಂತ ಕಡಿಮೆ ಜನ ಬೇಡ. 1 ಲೀಟರ್ ದ್ರವ ಸುಮಾರು 700 ಲೀಟರ್ ಅನಿಲವಾಗಿ ಹಿಗ್ಗಿ, ಮುಚ್ಚಿದ ಕೋಣೆಯ ಆಮ್ಲಜನಕವನ್ನು ತಳ್ಳಿಬಿಡುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ, ಮುನ್ಸೂಚನೆ ಇಲ್ಲ. ಪಾತ್ರೆಯ ಜೊತೆ ಯಾರೂ ಲಿಫ್ಟಿನಲ್ಲಿ ಹೋಗಬಾರದು.

ರಜೆಯಲ್ಲಿ ಒಬ್ಬರೇ ಲ್ಯಾಬಿನಲ್ಲಿ ಕೆಲಸ ಮಾಡಬಹುದೇ?

ಬರವಣಿಗೆ, ಲೆಕ್ಕಾಚಾರ ಮಾಡಿ. ಬೆಂಕಿ, ಹೆಚ್ಚಿನ ಒತ್ತಡ, ಆಮ್ಲ, ವಿಷಾನಿಲ, ತಿರುಗುವ ಯಂತ್ರ ಇರುವ ಕೆಲಸ ಬೇಡ. ಬಂದದ್ದನ್ನೂ ಹೋದದ್ದನ್ನೂ ಭದ್ರತಾ ಸಿಬ್ಬಂದಿಯ ಪುಸ್ತಕದಲ್ಲಿ ಬರೆಸಿ, ಇಷ್ಟು ಹೊತ್ತಿಗೆ ಕರೆ ಬರದಿದ್ದರೆ ಹುಡುಕಿಕೊಂಡು ಬನ್ನಿ ಎಂದು ಒಬ್ಬರಿಗೆ ಹೇಳಿಟ್ಟಿರಿ. ಹೊರಡುವಾಗ ಸಿಲಿಂಡರ್ ಕವಾಟ ಮುಚ್ಚಿ, ಹೊಗೆ ಕಪಾಟಿನ (ಫ್ಯೂಮ್ ಹುಡ್) ಗಾಜು ಇಳಿಸಿ. ತ್ಯಾಜ್ಯದ ಡಬ್ಬಿಗಳಿಗೆ ಮುಚ್ಚಳವೂ ಚೀಟಿಯೂ ಇರಲಿ, ಅಂಚಿನವರೆಗೆ ತುಂಬಿರಬಾರದು.

ಕೋಣೆಯ ಹೀಟರನ್ನು ಪೂರ್ತಿ ಆರಿಸಿ ಹೋದರೆ ವಿದ್ಯುತ್ ಉಳಿಯುವುದಿಲ್ಲವೇ?

ಹೆಪ್ಪುಗಟ್ಟುವ ಚಳಿ ಇರುವ ಕಡೆ ಪೂರ್ತಿ ಆರಿಸಬೇಡಿ, 12–13 ಡಿಗ್ರಿಗೆ ಇಳಿಸಿ. ನೀರು ಮಂಜಾದಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಪೈಪಿನೊಳಗೆ ಒತ್ತಡ ಏರಿ ಲೋಹ ಬಿರಿಯುತ್ತದೆ. ಬಿರಿದದ್ದು ಅಂದೇ ಕಾಣುವುದಿಲ್ಲ, ಮಂಜೇ ಬೆಣೆಯಾಗಿ ನಿಂತಿರುತ್ತದೆ. ಬಿಸಿಲೇರಿ ಕರಗಿದ ದಿನ ನೀರು ಹರಿಯತೊಡಗುತ್ತದೆ, ಆಗ ಕಟ್ಟಡದಲ್ಲಿ ಯಾರೂ ಇರುವುದಿಲ್ಲ. ಕಿಟಕಿಯ ಚಿಲಕ ಒಂದೊಂದನ್ನೂ ಕೈಯಿಂದ ತಳ್ಳಿ ನೋಡಿ. ಹೊರಗೋಡೆಗೆ ತಾಗಿದ ಸಿಂಕಿನ ಕೆಳಗಿನ ಬಾಗಿಲು ತೆರೆದಿಡಿ, ಕೋಣೆಯ ಬಿಸಿ ಪೈಪನ್ನು ಮುಟ್ಟಲಿ.

ಚಳಿ ಹೆಚ್ಚಿಲ್ಲದ ಕಡೆ ತೊಂದರೆ ನಿಂತ ನೀರಿನದು. ಲೀಜಿಯೊನೆಲ್ಲಾ ಎಂಬ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಬೆಳೆಯುತ್ತದೆ. ಬಿಸಿನೀರಿನ ತೊಟ್ಟಿ 60 ಡಿಗ್ರಿಯಲ್ಲಿರಲಿ, ಬಳಕೆಯಿಲ್ಲದ ನಲ್ಲಿ, ಶವರುಗಳನ್ನು ವಾರಕ್ಕೊಮ್ಮೆ ಕೆಲವು ನಿಮಿಷ ಹರಿಯಬಿಡಿ. ಹನಿ ಉಸಿರಿಗೆ ಸೇರದಂತೆ ಶವರ್ ತಲೆಯನ್ನು ಕಳಚಿ ಅಥವಾ ಚೀಲ ಕಟ್ಟಿ ನಿಧಾನವಾಗಿ ಬಿಡಿ.

ರಜೆ ಮುಗಿಸಿ ಬಂದಾಗ ಕೋಣೆಯಲ್ಲಿ ಚರಂಡಿ ನಾತ ಹೊಡೆದರೆ ಪೈಪ್ ಒಡೆದಿದೆ ಎಂದು ಗಾಬರಿಯಾಗಬೇಡಿ. ಸಿಂಕ್, ನೆಲದ ಜಾಲರಿಯ ಕೆಳಗೆ ಬಾಗಿದ ಕೊಳವೆಯಲ್ಲಿ ನಿಲ್ಲುವ ನೀರೇ ನಾತಕ್ಕೆ ಅಡ್ಡಗೋಡೆ, ಅದು ಆರಿರುತ್ತದೆ. ಹೋಗುವಾಗಲೂ ಬಂದಾಗಲೂ ಒಂದೆರಡು ಲೀಟರ್ ನೀರು ಸುರಿಯಿರಿ.

ರಜೆಯಲ್ಲಿ ವಿದ್ಯುತ್ ನಿಲುಗಡೆ ಇದೆ ಎಂದಿದ್ದಾರೆ. ಏನು ಮಾಡಬೇಕು?

ಕಂಪ್ಯೂಟರುಗಳನ್ನು ಸ್ಲೀಪ್‌ನಲ್ಲಿ ಬಿಡದೆ ಪೂರ್ತಿ ಆರಿಸಿ. ಯುಪಿಎಸ್ ತಡೆಯುವುದು ನಿಮಿಷಗಳ ಲೆಕ್ಕದಲ್ಲಿ, ಗಂಟೆಗಳ ನಿಲುಗಡೆಗೆ ಅದು ಆಸರೆಯಲ್ಲ. ಫ್ರೀಜರ್, ಇನ್‌ಕ್ಯುಬೇಟರ್‌ಗಳ ಪ್ಲಗ್ ಜನರೇಟರ್ ಸಾಲಿನ ಸಾಕೆಟ್‌ನಲ್ಲೇ ಇದೆಯೇ ನೋಡಿ. ಸ್ವಚ್ಛತೆಗೆಂದು ಯಾರೋ ತೆಗೆದು ಪಕ್ಕದ ಮಾಮೂಲಿ ಸಾಕೆಟ್‌ಗೆ ಹಾಕಿರುವುದು ಅಪರೂಪವೇನಲ್ಲ. ಕರೆಂಟ್ ಮರಳಿದ ಮೇಲೆ ಕೆಲವು ಉಪಕರಣಗಳು ತಾವಾಗಿ ಆರಂಭವಾಗುವುದಿಲ್ಲ. ಅಂಥವುಗಳ ಪಟ್ಟಿ ಮಾಡಿ, ಗುಂಡಿ ಒತ್ತುವವರನ್ನು ಗೊತ್ತುಮಾಡಿ.

ಹಾಸ್ಟೆಲ್ ಕೋಣೆ ಬಿಡುವಾಗ?

ಎಲ್ಲ ಪ್ಲಗ್ ತೆಗೆಯಿರಿ, ಮುಖ್ಯವಾಗಿ ಸ್ಕೂಟರ್, ಲ್ಯಾಪ್‌ಟಾಪ್ ಚಾರ್ಜರ್‌ಗಳನ್ನು. ಲಿಥಿಯಂ ಬ್ಯಾಟರಿಯನ್ನು ಚಾರ್ಜಿಗೆ ಹಾಕಿ ಹೋಗುವುದು ದೊಡ್ಡ ಅಪಾಯ. ಫ್ರಿಜ್ ಖಾಲಿ ಮಾಡಿ, ಹಿಮ ಕರಗಿಸಿ ಒರೆಸಿ, ಬಾಗಿಲಿಗೆ ಬಟ್ಟೆಯ ಮಡಿಕೆ ಕೊಟ್ಟು ತುಸು ತೆರೆದಿಡಿ. ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ. ಕಸ ಹೊರಗೆ ಹೋಗಲಿ. ಪಾಸ್‌ಪೋರ್ಟ್, ಔಷಧಿ, ಲ್ಯಾಪ್‌ಟಾಪ್ ಕೈಚೀಲಕ್ಕೆ ಬಂದವೇ ನೋಡಿ, ನಡುವೆ ಕೋಣೆಗೆ ಮರಳಲು ಅನುಮತಿ ಸಿಗದಿರಬಹುದು. ವಿದೇಶಿ ವಿದ್ಯಾರ್ಥಿಗಳು ಮರುಪ್ರವೇಶಕ್ಕೆ ವೀಸಾ ಚಾಲ್ತಿಯಲ್ಲಿದೆಯೇ, ವಿಶ್ವವಿದ್ಯಾಲಯದ ಸಹಿ ಬೇಕಾದ ಪತ್ರಗಳಿವೆಯೇ ಎಂದು ಕಚೇರಿ ಮುಚ್ಚುವ ಮೊದಲೇ ವಿಚಾರಿಸಬೇಕು.

ರಜೆಯಲ್ಲಿ ಹಾಸ್ಟೆಲಿನಲ್ಲೇ ಉಳಿಯುವವರಿಗೆ?

ಹೆಸರು ನೋಂದಾಯಿಸಿ. ಮುಜುಗರ ಬೇಡ, ಪಟ್ಟಿಯಲ್ಲಿ ಹೆಸರಿದ್ದರಷ್ಟೇ ಬಾಗಿಲಿನ ಕಾರ್ಡ್ ನಡೆಯುತ್ತದೆ, ಬೆಂಕಿ ಬಿದ್ದಾಗ ಒಳಗೆ ಎಷ್ಟು ಜನ ಎಂಬ ಲೆಕ್ಕ ಸಿಗುತ್ತದೆ. ವಾರ್ಡನ್‌ಗಳಿಗೊಂದು ಮನವಿ: ಉಳಿದವರನ್ನು ಅಂತಸ್ತಿಗೊಬ್ಬರಂತೆ ಚದುರಿಸದೆ ಒಂದೇ ಅಂತಸ್ತಿಗೆ ತನ್ನಿ. ಬಿಸಿಗೂ ಭದ್ರತೆಗೂ ಅನುಕೂಲ, ಖಾಲಿ ಕಟ್ಟಡದ ಒಂಟಿತನವೂ ಅಷ್ಟು ಕಾಡುವುದಿಲ್ಲ.

ಆರೋಗ್ಯ ಕೇಂದ್ರ, ಆಪ್ತಸಮಾಲೋಚನೆ ಮುಚ್ಚಿದ್ದಾಗ?

ನಿತ್ಯದ ಔಷಧಿ ರಜೆಯ ದಿನಗಳಿಗೆ ಮತ್ತು ಮೇಲೊಂದು ವಾರಕ್ಕೆ ಸಾಕಾಗುವಷ್ಟು ತೆಗೆದುಕೊಳ್ಳಿ. ಚೀಟಿಯಲ್ಲಿ ಬ್ರ್ಯಾಂಡ್ ಜೊತೆ ಔಷಧಿಯ ಮೂಲ ಹೆಸರೂ ಇರಲಿ, ಬೇರೆ ಕಡೆ ಅದೇ ಬ್ರ್ಯಾಂಡ್ ಸಿಗದಿರಬಹುದು. ಸಮಾಲೋಚನೆಗೆ ಹೋಗುತ್ತಿರುವವರು ಕೊನೆಯ ಭೇಟಿಯಲ್ಲೇ ಜನವರಿಯ ಮೊದಲ ಸಮಯ ಕಾಯ್ದಿರಿಸಿ, ನಡುವೆ ಮನಸ್ಸು ಕುಸಿದರೆ ಯಾರಿಗೆ ಕರೆ ಮಾಡುವುದೆಂದು ಕೇಳಿ ಫೋನಿನಲ್ಲಿ ಉಳಿಸಿಕೊಳ್ಳಿ. ಆ ಗಳಿಗೆಯಲ್ಲಿ ಸಂಖ್ಯೆ ಹುಡುಕುವ ಶಕ್ತಿ ಇರುವುದಿಲ್ಲ.

ಮರಳಿದ ಮೊದಲ ದಿನ ಏನು ನೋಡಬೇಕು?

ಮೇಲ್ ತೆರೆಯುವ ಮುನ್ನ ಒಂದು ಸುತ್ತು ಹಾಕಿ. ಛಾವಣಿಯಲ್ಲಿ ಕಂದು ಕಲೆ, ಗೋಡೆಯ ಬುಡದಲ್ಲಿ ತೇವ ಇದೆಯೇ? ಫ್ರೀಜರಿನ ಇಂದಿನ ಅಂಕಿ ಸರಿಯಿದ್ದರೆ ಸಾಲದು, ರಜೆಯುದ್ದಕ್ಕೂ ದಾಖಲಾದ ಗರಿಷ್ಠ ತಾಪಮಾನ ನೋಡಿ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಮಾದರಿ ಹೊರನೋಟಕ್ಕೆ ಗೊತ್ತಾಗದು. ನಲ್ಲಿಗಳನ್ನು ಕೆಲವು ನಿಮಿಷ ಹರಿಯಬಿಟ್ಟು ಆಮೇಲೆ ಕುಡಿಯಲು ಹಿಡಿಯಿರಿ. ಪ್ರಭಾರ ವಹಿಸಿದ್ದನ್ನು ವ್ಯವಸ್ಥೆಯಲ್ಲಿ ಹಿಂತೆಗೆದುಕೊಳ್ಳಿ, ಪ್ರಭಾರಿಯನ್ನು ಕಂಡು ಏನೇನಾಯಿತು ಎಂದು ಕೇಳಿ, ಸ್ವಯಂ ಉತ್ತರ ನಿಂತಿದೆಯೇ ಎಂದು ಇನ್ನೊಂದು ಖಾತೆಯಿಂದ ನಿಮಗೆ ನೀವೇ ಒಂದು ಮೇಲ್ ಕಳಿಸಿ ನೋಡಿ.